ಎಲ್ಲರೂ ಹೊಗಳುತ್ತಾರೆ, ಯಾರೂ ಕೊಳ್ಳುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ: ಕೆಲಸ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಸಣ್ಣ ವ್ಯಾಪಾರಿಗಳು ದಾಸ್ತಾನು, ಬಿಲ್ಲು, ಬಾಕಿ ಎಲ್ಲವನ್ನೂ ಫೋನಿನಲ್ಲೇ ನೋಡಿಕೊಳ್ಳುವಂಥ ಆ್ಯಪ್ ಮಾಡಿದ್ದೇನೆ. ತೋರಿಸಿದವರೆಲ್ಲ ‘ತುಂಬಾ ಚೆನ್ನಾಗಿದೆ’ ಅನ್ನುತ್ತಾರೆ. ಉಚಿತವಾಗಿ ಕೊಟ್ಟರೆ ಬಳಸುತ್ತಾರೆ, ಚಂದಾ ಕಟ್ಟಿ ಎಂದ ಕೂಡಲೇ ಫೋನ್ ಎತ್ತುವುದಿಲ್ಲ. ನನ್ನ ಉಳಿತಾಯ ಇನ್ನು ಐದು ತಿಂಗಳಿಗೆ ಸಾಕಾಗಬಹುದು. ಹೊಸ ಸೌಲಭ್ಯ ಸೇರಿಸಲೇ, ಇಲ್ಲಿಗೇ ನಿಲ್ಲಿಸಲೇ?

ಉತ್ತರ: ಐದು ತಿಂಗಳು ಉಳಿದಿದೆ ಎಂದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ನೆಮ್ಮದಿ ಕೊಟ್ಟ ಸಾಲು ಅದು. ಹೆಚ್ಚಿನವರು ನನಗೆ ಬರೆಯುವುದು ಕೈಯಲ್ಲಿ ಏನೂ ಉಳಿಯದಿದ್ದಾಗ. ಸೋಲು ಪಾಠ ಕಲಿಸುತ್ತದೆ ಅನ್ನುವುದು ನಿಜ, ಆದರೆ ಆ ಪಾಠ ಓದುವುದಕ್ಕೂ ಒಂದಿಷ್ಟು ಹಣ, ಒಂದಿಷ್ಟು ದಿನ ಬೇಕು. ನಿಮ್ಮ ಬಳಿ ಎರಡೂ ಇವೆ.

ಹೊಸ ಸೌಲಭ್ಯ ಮಾತ್ರ ಸೇರಿಸಬೇಡಿ. ‘ಚೆನ್ನಾಗಿದೆ’ ಎನ್ನಲು ಯಾರಿಗೂ ಖರ್ಚಿಲ್ಲ. ಎದುರಿಗೆ ಕೂತವರ ಮನಸ್ಸು ನೋಯಿಸಬಾರದು ಎಂದು ಹೇಳುವ ಮಾತನ್ನೇ ನಾವು ಬೇಡಿಕೆ ಎಂದು ಬರೆದುಕೊಳ್ಳುತ್ತೇವೆ. ನನ್ನ ಮೊದಲ ಉದ್ಯಮದಲ್ಲಿ ನಾನೂ ಇದನ್ನೇ ಮಾಡಿದೆ. ಪರಿಚಯದ ನಲವತ್ತು ಮಂದಿಯನ್ನು ಕೇಳಿದೆ, ಹೆಚ್ಚುಕಡಿಮೆ ಎಲ್ಲರೂ ‘ಶುರು ಮಾಡು, ಮೊದಲು ನಾನೇ ತಗೊಳ್ತೀನಿ’ ಅಂದರು. ಬಿಲ್ ಪುಸ್ತಕ ತೆರೆದ ದಿನ ತಗೊಂಡವರು ಮೂರೇ ಜನ. ಆ ನಲವತ್ತು ಜನರ ಮೇಲೆ ನನಗೆ ಕೋಪವಿಲ್ಲ. ‘ತಗೊಳ್ತೀರಾ?’ ಎಂದು ಕೇಳುವ ಬದಲು ‘ಈಗ ಇದಕ್ಕೆ ಏನು ಮಾಡ್ತಿದ್ದೀರಿ, ಅದಕ್ಕೆ ಎಷ್ಟು ಖರ್ಚಾಗ್ತಿದೆ?’ ಎಂದು ಕೇಳಬೇಕಿತ್ತು.

ನಿಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಇದೆ. ಉಚಿತವಾಗಿ ಬಳಸುತ್ತಿರುವವರು ದಿನವೂ ಯಾವ ಪುಟ ತೆರೆಯುತ್ತಾರೆ, ಯಾವುದನ್ನು ಮುಟ್ಟುವುದೇ ಇಲ್ಲ, ಅದನ್ನು ಮೊದಲು ತೆಗೆದು ನೋಡಿ. ಇಂಥದ್ದೇ ಸಾಫ್ಟ್‌ವೇರ್ ಮಾಡಿದ್ದ ಹೆಣ್ಣುಮಗಳೊಬ್ಬರು ಹಿಂದೆ ನನ್ನ ಬಳಿ ಬಂದಿದ್ದರು. ಲ್ಯಾಪ್‌ಟಾಪ್ ತೆರೆದು ಹನ್ನೆರಡು ವಿಭಾಗಗಳನ್ನು ಒಂದೊಂದಾಗಿ ವಿವರಿಸಿದರು. ‘ಒಬ್ಬ ಬಳಕೆದಾರರಿಗೆ ಇಲ್ಲಿಂದಲೇ ಫೋನ್ ಮಾಡಿ, ಇವತ್ತು ಬೆಳಿಗ್ಗೆ ಏನು ತೆರೆದರು ಅಂತ ಕೇಳಿ’ ಅಂದೆ. ಆ ಕಡೆಯಿಂದ ಬಂದ ಉತ್ತರ: ‘ಯಾರ್‍ಯಾರು ದುಡ್ಡು ಕೊಡ್ಬೇಕು ಅನ್ನೋ ಪಟ್ಟಿ ಅಷ್ಟೇ ನೋಡೋದು. ಬೇರೆಯದೆಲ್ಲ ಪುಸ್ತಕದಲ್ಲೇ ಬರ್ಕೋತೀನಿ.’ ಆಕೆ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಉಳಿದ ಹನ್ನೊಂದು ವಿಭಾಗಗಳಿಗೆ ಸುರಿದಿದ್ದು ಎರಡು ವರ್ಷದ ದುಡಿಮೆ. ಆಮೇಲೆ ಬಾಕಿ ಪಟ್ಟಿಯೊಂದನ್ನೇ, ಜ್ಞಾಪನಾ ಸಂದೇಶದ ಜೊತೆ, ಬೇರೆ ಮಾಡಿ ಮಾರಿದರು. ಜನ ಹಣ ಕಟ್ಟಿದರು, ಏಕೆಂದರೆ ಅದರಿಂದ ಅವರಿಗೆ ಹಣ ಬರುತ್ತಿತ್ತು.

ಇದು ಅಪರೂಪದ ಕಥೆಯೇನಲ್ಲ. ಇನ್‌ಸ್ಟಾಗ್ರಾಂ ಹುಟ್ಟಿದ್ದು ಬರ್ಬನ್ ಎಂಬ ಆ್ಯಪ್‌ನಿಂದ. ಅದರಲ್ಲಿ ಇರುವ ಜಾಗ ತಿಳಿಸುವುದು, ಯೋಜನೆ ಹಂಚಿಕೊಳ್ಳುವುದು, ಅಂಕ ಗಳಿಸುವುದು ಎಲ್ಲ ಇತ್ತು. ಜನ ಇಷ್ಟಪಟ್ಟು ಬಳಸುತ್ತಿದ್ದುದು ಫೋಟೊ ಹಂಚಿಕೆಯನ್ನು. ಕೆವಿನ್ ಸಿಸ್ಟ್ರೋಮ್ ಮತ್ತು ಮೈಕ್ ಕ್ರೀಗರ್ ಉಳಿದದ್ದನ್ನೆಲ್ಲ ಕಿತ್ತುಹಾಕಿ 2010ರ ಅಕ್ಟೋಬರ್‌ನಲ್ಲಿ ಇನ್‌ಸ್ಟಾಗ್ರಾಂ ಬಿಟ್ಟರು. ತಾನು ಕಟ್ಟಿದ್ದನ್ನು ತಾನೇ ಕೀಳುವುದು ಕಟ್ಟುವುದಕ್ಕಿಂತ ಕಷ್ಟ, ಅದನ್ನು ಒಪ್ಪುತ್ತೇನೆ.

ಆದರೂ ಒಂದು ಎಚ್ಚರಿಕೆ. ಕೊಳ್ಳದಿರುವುದೆಲ್ಲ ‘ಬೇಡ’ ಎಂಬ ಉತ್ತರವಲ್ಲ. ನಾವೀಗ ಪೋಸ್ಟ್-ಇಟ್ ಎನ್ನುವ ಅಂಟುಚೀಟಿಯನ್ನು 3ಎಂ ಕಂಪನಿ 1977ರಲ್ಲಿ ಬೇರೆ ಹೆಸರಿನಲ್ಲಿ ಕೆಲವು ನಗರಗಳಲ್ಲಿ ಮಾರಿ ನೋಡಿತ್ತು, ವ್ಯಾಪಾರ ಆಗಲಿಲ್ಲ. ಮರುವರ್ಷ ಅಮೆರಿಕದ ಬಾಯ್ಸಿ ನಗರದ ಕಚೇರಿಗಳಿಗೆ ಅದನ್ನೇ ಪುಕ್ಕಟೆಯಾಗಿ ಹಂಚಿತು. ಬಳಸಿ ನೋಡಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಕೊಳ್ಳುತ್ತೇವೆ ಎಂದರು. 1980ರಲ್ಲಿ ಅದು ಅಮೆರಿಕದಾದ್ಯಂತ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿಯುವ ತನಕ ಅದು ಯಾತಕ್ಕೆ ಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ನಿಮ್ಮ ಸ್ಥಿತಿ ಇದಕ್ಕೆ ಉಲ್ಟಾ. ಜನ ಬಳಸಿ ನೋಡಿದ್ದಾರೆ, ಆಮೇಲೂ ಕಿಸೆಗೆ ಕೈ ಹಾಕುತ್ತಿಲ್ಲ. ಹಾಗಾಗಿ ಪ್ರಚಾರಕ್ಕೆ ಹಣ ಸುರಿದರೆ ಫಲ ಸಿಗುವುದು ಅನುಮಾನ.

ಈಗ ಮಾಡಬೇಕಾದದ್ದು ಇಷ್ಟು. ಹೆಚ್ಚು ಬಳಸುವ ಇಪ್ಪತ್ತು ಜನರನ್ನು ಆರಿಸಿ, ಆರು ವಾರದ ಗಡುವು ಇಟ್ಟುಕೊಳ್ಳಿ. ಅವರು ದಿನವೂ ಮುಟ್ಟುವ ಒಂದೇ ಒಂದು ಕೆಲಸಕ್ಕೆ ದರ ಹೇಳಿ, ಉಚಿತ ಬಾಗಿಲು ಮುಚ್ಚಿ. ಮುಚ್ಚಿದ ಮೇಲೆ ಯಾರು ತಾವಾಗಿ ಫೋನ್ ಮಾಡುತ್ತಾರೆ ನೋಡಿ. ಎಷ್ಟು ಜನ ಹಣ ಕಟ್ಟಿದರೆ ಮುಂದುವರಿಸುತ್ತೇನೆ ಎಂಬ ಸಂಖ್ಯೆಯನ್ನು ಇವತ್ತೇ ಬರೆದಿಡಿ, ಮನೆಯಲ್ಲಿ ಒಬ್ಬರಿಗೆ ತೋರಿಸಿ. ಫಲಿತಾಂಶ ಬಂದ ಮೇಲೆ ಸಂಖ್ಯೆ ಬರೆಯಲು ಕೂತರೆ ಮನಸ್ಸು ಸುಳ್ಳು ಹೇಳುತ್ತದೆ.

ಅಷ್ಟು ಜನ ಬರದಿದ್ದರೆ, ಹಣ ಉಳಿದಿರುವಾಗಲೇ ನಿಲ್ಲಿಸಿ. ಸ್ಟೀವರ್ಟ್ ಬಟರ್‌ಫೀಲ್ಡ್ ತಂಡ ಗ್ಲಿಚ್ ಎಂಬ ಆನ್‌ಲೈನ್ ಆಟ ಕಟ್ಟಿತ್ತು. ಆಟ ನೆಲೆ ನಿಲ್ಲುವುದಿಲ್ಲ ಎಂದು ಗೊತ್ತಾದಾಗ, ಬ್ಯಾಂಕಿನಲ್ಲಿ ಹಣ ಇದ್ದಾಗಲೇ 2012ರ ಕೊನೆಗೆ ಅದನ್ನು ಮುಚ್ಚಿದರು. ಉಳಿದ ಹಣದಲ್ಲಿ, ಆಟ ಕಟ್ಟುವಾಗ ತಮ್ಮೊಳಗೆ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಸಾಧನವನ್ನೇ ತಿದ್ದಿ ತೀಡಿದರು. ಕಚೇರಿ ತಂಡಗಳು ಮಾತಾಡಿಕೊಳ್ಳಲು ಬಳಸುವ ಸ್ಲ್ಯಾಕ್ ಎಂಬ ಆ್ಯಪ್ ಅದೇ. ಕೊನೆಯ ಕಾಸಿನವರೆಗೂ ಆಟಕ್ಕೇ ಸುರಿದಿದ್ದರೆ ಆ ಸಾಧನ ಆಟದ ಜೊತೆಗೇ ಹೋಗುತ್ತಿತ್ತು.

ಪ್ರಶ್ನೆ: ನನ್ನಲ್ಲಿ ಒಂದು ಹೊಸ ಐಡಿಯಾ ಇದೆ. ಹೇಳಿದರೆ ಯಾರಾದರೂ ಕದಿಯುತ್ತಾರೆ ಎಂಬ ಭಯ. ಹೇಳದೆ ಪರೀಕ್ಷಿಸುವುದು ಹೇಗೆ?

ಉತ್ತರ: ಹೊಸ ಯಂತ್ರ ಅಥವಾ ಹೊಸ ತಯಾರಿಕಾ ವಿಧಾನವಾದರೆ ಬಹಿರಂಗ ಮಾಡುವ ಮುನ್ನ ಪೇಟೆಂಟ್ ವಕೀಲರನ್ನು ಕಾಣಿ, ಏಕೆಂದರೆ ಬಹಳಷ್ಟು ದೇಶಗಳಲ್ಲಿ ಮೊದಲೇ ಬಹಿರಂಗವಾದದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ. ಬರೀ ವ್ಯಾಪಾರದ ಯೋಚನೆಯಾದರೆ ಗಿರಾಕಿಗಳಿಗೆ ಹೇಳಿ, ಹೇಳಲೇಬೇಕು. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಆನ್‌ಲೈನ್‌ನಲ್ಲಿ ಜನ ಶೂ ಕೊಳ್ಳುತ್ತಾರೋ ಇಲ್ಲವೋ ನೋಡಲು ಗೋದಾಮು ಕಟ್ಟಲಿಲ್ಲ. ಅಂಗಡಿಗಳಲ್ಲಿದ್ದ ಶೂಗಳ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದರೆ ಅಂಗಡಿಗೆ ಹೋಗಿ ಪೂರ್ತಿ ಬೆಲೆ ಕೊಟ್ಟು ತಂದು ಕಳಿಸುತ್ತಿದ್ದರು. ಲಾಭವಿಲ್ಲದ ವ್ಯಾಪಾರ, ಆದರೆ ಪ್ರಶ್ನೆಗೆ ಉತ್ತರ ಸಿಕ್ಕಿತು. ಮುಂದೆ ಝಾಪೋಸ್ ಎಂಬ ಆನ್‌ಲೈನ್ ಶೂ ಅಂಗಡಿಯಾಗಿ ಬೆಳೆದದ್ದು ಅದೇ.

ಪ್ರಶ್ನೆ: ಚಿಕ್ಕ ತಯಾರಿಕಾ ಘಟಕ ನಡೆಸುತ್ತೇನೆ. ಆರ್ಡರ್ ಈ ವರ್ಷ ದುಪ್ಪಟ್ಟಾಗಿದೆ, ಲೆಕ್ಕದಲ್ಲಿ ಲಾಭವೂ ಇದೆ. ಆದರೆ ಸಂಬಳದ ದಿನ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಎಲ್ಲಿ ತಪ್ಪಾಗಿದೆ?

ಉತ್ತರ: ತಪ್ಪು ಲಾಭದಲ್ಲಿ ಇಲ್ಲ, ದಿನಗಳಲ್ಲಿ ಇದೆ. ಚೆನ್ನಾಗಿ ನಡೆಯುತ್ತಿರುವ ಉದ್ಯಮಗಳನ್ನು ಮುಳುಗಿಸುವುದು ಬಹಳ ಸಲ ಇದೇ.

ನೀವು ಕಚ್ಚಾ ಸಾಮಗ್ರಿಗೆ ಮೊದಲೇ ಹಣ ಕೊಡುತ್ತೀರಿ ಎಂದುಕೊಳ್ಳಿ. ಸರಕು ತಯಾರಾಗಿ ಹೊರಡಲು 20 ದಿನ, ಆಮೇಲೆ ಗಿರಾಕಿ ಹಣ ಕೊಡಲು 60 ದಿನ. ಅಂದರೆ ನೀವು ಹಾಕಿದ ಹಣ 80 ದಿನ ಹೊರಗಿರುತ್ತದೆ. ಹೆಚ್ಚುಕಡಿಮೆ 2.7 ತಿಂಗಳ ವೆಚ್ಚ ಸದಾ ದಾರಿಯಲ್ಲೇ ಇರುತ್ತದೆ. ಆರ್ಡರ್ ದುಪ್ಪಟ್ಟಾದ ದಿನ ಅಷ್ಟೇ ಹಣವನ್ನು ಇನ್ನೊಮ್ಮೆ ಹೊಂದಿಸಬೇಕು. ವೆಚ್ಚದ ಮೇಲೆ ಶೇ 20 ಲಾಭ ಇಟ್ಟಿದ್ದರೆ, ಹಳೆಯ ಮಟ್ಟದ ವ್ಯಾಪಾರದ ಹದಿಮೂರು ತಿಂಗಳ ಲಾಭ ಇದೊಂದಕ್ಕೇ ಬೇಕು. ನಿಮ್ಮ ಸಂಬಳದ ಹಣ ಕಳುವಾಗಿಲ್ಲ, ಗಿರಾಕಿಯ ಗೋದಾಮಿನಲ್ಲಿ ಸರಕಾಗಿ ಕೂತಿದೆ.

ಆದ್ದರಿಂದ ಆರ್ಡರ್ ಒಪ್ಪುವ ಮುನ್ನ ದರದಷ್ಟೇ ಗಟ್ಟಿಯಾಗಿ ದಿನಗಳ ಬಗ್ಗೆ ಮಾತಾಡಿ. ಮುಂಗಡ ಕೇಳಿ. ಅರ್ಧ ಮುಂಗಡ ಸಿಕ್ಕರೂ ಚಿತ್ರವೇ ಬದಲಾಗುತ್ತದೆ. ಸರಕು ಹೊರಟ ದಿನವೇ ಬಿಲ್ ಕಳಿಸಿ. ತಿಂಗಳ ಕೊನೆಗೆ ಎಲ್ಲ ಸೇರಿಸಿ ಕಳಿಸುವ ಅಭ್ಯಾಸವಿದ್ದರೆ ನೀವಾಗಿಯೇ ಎರಡು ಮೂರು ವಾರ ಸಾಲ ಕೊಟ್ಟಂತೆ. ಸಾಮಗ್ರಿ ಕೊಡುವವರ ಹತ್ತಿರ 30 ದಿನ ಕೇಳಿ ನೋಡಿ, ಹೊತ್ತಿಗೆ ಸರಿಯಾಗಿ ಕೊಡುವವರಿಗೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಒಬ್ಬನೇ ಗಿರಾಕಿ ವಹಿವಾಟಿನ ಅರ್ಧಕ್ಕಿಂತ ಹೆಚ್ಚು ತೆಗೆದುಕೊಂಡು 60 ದಿನಕ್ಕಿಂತ ಕಡಿಮೆಗೆ ಬಗ್ಗದಿದ್ದರೆ ಅವನ ಮುಂದಿನ ದೊಡ್ಡ ಆರ್ಡರನ್ನು ಬೇಡ ಅನ್ನಿ. ಬಂದ ವ್ಯಾಪಾರವನ್ನು ಬಿಡುವಾಗ ಹೊಟ್ಟೆ ಉರಿಯುತ್ತದೆ, ಆದರೂ ಬಿಡಿ.

ಪ್ರಶ್ನೆ: ಗೆಳೆಯನೂ ನಾನೂ ಅರ್ಧರ್ಧ ಪಾಲು ಹಾಕಿ ಕಂಪನಿ ಶುರು ಮಾಡಿದೆವು. ಈಗ ಅವನು ಬೇರೆ ನೌಕರಿ ಹಿಡಿದಿದ್ದಾನೆ, ಪಾಲು ಮಾತ್ರ ಬಿಡುವುದಿಲ್ಲ ಅನ್ನುತ್ತಾನೆ.

ಉತ್ತರ: ಬೇಸರವಾಗುತ್ತದೆ, ಏಕೆಂದರೆ ಒಂದು ಪುಟದ ಬರಹದಿಂದ ಇದನ್ನು ತಪ್ಪಿಸಬಹುದಿತ್ತು. ಪಾಲನ್ನು ಮೊದಲ ದಿನವೇ ಪೂರ್ತಿ ಕೊಡದೆ, ನಾಲ್ಕು ವರ್ಷ ದುಡಿದಂತೆ ಸ್ವಲ್ಪ ಸ್ವಲ್ಪವಾಗಿ ಕೈಸೇರುವ ಹಾಗೆ, ಒಂದು ವರ್ಷದೊಳಗೆ ಬಿಟ್ಟರೆ ಏನೂ ಸಿಗದ ಹಾಗೆ ಬರೆಯುವ ರೂಢಿ ನವೋದ್ಯಮಗಳಲ್ಲಿದೆ. ಈಗಲೂ ಮಾತುಕತೆಯಿಂದ ಅದೇ ದಾರಿಗೆ ಬನ್ನಿ. ಅವನು ದುಡಿದ ತಿಂಗಳು ಎಣಿಸಿ ಅಷ್ಟು ಪಾಲು ಅವನಿಗೆ ಬಿಡಿ, ಉಳಿದದ್ದು ಕಂಪನಿಗೆ ಮರಳಲಿ. ವಕೀಲರ ನೋಟಿಸಿಗಿಂತ ಮೊದಲು ಇಬ್ಬರೂ ನಂಬುವ ಮೂರನೆಯವರನ್ನು ಕೂರಿಸಿಕೊಳ್ಳಿ. ಬೌದ್ಧಿಕ ಆಸ್ತಿ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ. ಜೇಮ್ಸ್ ಡೈಸನ್ ಬಾಲ್‌ಬ್ಯಾರೋ ಎಂಬ ತಳ್ಳುಗಾಡಿ ಕಂಡುಹಿಡಿದು, ಪೇಟೆಂಟನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಳ್ಳದೆ ಕಂಪನಿಗೆ ಬರೆದುಕೊಟ್ಟಿದ್ದರು. 1979ರಲ್ಲಿ ಪಾಲುದಾರರು ಅವರನ್ನೇ ಹೊರಗೆ ಹಾಕಿದರು. ಆಮೇಲೆ 5,127 ಮಾದರಿಗಳನ್ನು ಮಾಡಿ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್ ರೂಪಿಸಿದರು ಎಂಬುದು ಎಲ್ಲರಿಗೂ ಗೊತ್ತು. ಆ ಸಲ ಹಕ್ಕನ್ನು ಕೈಬಿಡಲಿಲ್ಲ.

ಒಳ್ಳೆಯ ಜೊತೆಗಾರಿಕೆಯೂ ಇದೆ. ಜಪಾನಿನ ಹೊಂಡಾ ಕಂಪನಿಗೆ 1949ರಲ್ಲಿ ಟಕೆಯೊ ಫುಜಿಸಾವಾ ಸೇರಿದ ಮೇಲೆ, ಅದನ್ನು ಕಟ್ಟಿದ ಸೊಯಿಚಿರೊ ಹೊಂಡಾ ಎಂಜಿನ್ ನೋಡಿಕೊಂಡರು, ಹಣ ಮತ್ತು ಮಾರಾಟ ಫುಜಿಸಾವಾ ಅವರದಾಯಿತು. 1973ರಲ್ಲಿ ಇಬ್ಬರೂ ಒಟ್ಟಿಗೇ ನಿವೃತ್ತರಾದರು.

ಪ್ರಶ್ನೆ: ಹೋದ ವರ್ಷ ನನ್ನ ಉದ್ಯಮ ಮುಚ್ಚಿತು. ನೆಂಟರಿಂದ ಸಾಲ ಮಾಡಿದ್ದೇನೆ. ಮತ್ತೆ ಶುರು ಮಾಡುವ ಆಸೆ ಇದೆ, ಮುಖ ತೋರಿಸಲು ಧೈರ್ಯವಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನಾಚಿಕೆ ತುಂಬಿದೆ, ಉದ್ಯಮ ಯಾಕೆ ಮುಚ್ಚಿತು ಎಂಬುದು ಒಂದು ಸಾಲೂ ಇಲ್ಲ. ಮೊದಲು ಅದನ್ನು ಬರೆಯಿರಿ. ಗಿರಾಕಿ ಇರಲಿಲ್ಲವೇ, ಗಿರಾಕಿ ಇದ್ದೂ ದರ ಸಾಲಲಿಲ್ಲವೇ, ಹಣ ಬರುವುದು ತಡವಾಯಿತೇ, ಅಥವಾ ಕೆಲಸವೇ ಪೂರ್ತಿ ಗೊತ್ತಿರಲಿಲ್ಲವೇ? ಒಂದೊಂದಕ್ಕೂ ಮದ್ದು ಬೇರೆ. ಹೊಂಡಾ ಮೊದಲು ತಯಾರಿಸಲು ಹೊರಟದ್ದು ಪಿಸ್ಟನ್ ರಿಂಗ್ ಎಂಬ ಎಂಜಿನ್ ಬಿಡಿಭಾಗ. ಟೊಯೋಟಾಗೆ ಒಪ್ಪಿಸಿದ 50ರಲ್ಲಿ ಪರೀಕ್ಷೆ ಪಾಸಾದದ್ದು ಮೂರೇ. ಅದಕ್ಕೂ ಮೊದಲೇ ತನಗೆ ಲೋಹವಿದ್ಯೆ ಗೊತ್ತಿಲ್ಲ ಎಂದು ಒಪ್ಪಿಕೊಂಡು ತಾಂತ್ರಿಕ ಶಾಲೆಯ ಬೆಂಚಿನಲ್ಲಿ ಹೋಗಿ ಕೂತಿದ್ದರು, ಆಮೇಲೂ ಕಲಿಯುವುದನ್ನು ಬಿಡಲಿಲ್ಲ.

ಸಾಲದ ವಿಷಯಕ್ಕೆ ಬರೋಣ. ಕೊಟ್ಟವರು ಕೋಪಗೊಳ್ಳುವುದು ಹಣ ತಡವಾದುದಕ್ಕಿಂತ ನೀವು ತಪ್ಪಿಸಿಕೊಂಡು ತಿರುಗುವುದಕ್ಕೆ. ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು, ತಿಂಗಳಿಗೆ ಎಷ್ಟು ಕೊಡಬಲ್ಲೆ ಎಂದು ಬರೆಯಿರಿ. ಅದಕ್ಕಾಗಿ ಸದ್ಯ ಒಂದು ನೌಕರಿ ಹಿಡಿಯಬೇಕಾದರೆ ಹಿಡಿಯಿರಿ, ಸಾಧ್ಯವಾದರೆ ಮುಂದೆ ಮಾಡಬೇಕೆಂದಿರುವ ಉದ್ಯಮದ ಸಾಲಿನಲ್ಲೇ. ಕಂತು ಚಿಕ್ಕದಾದರೂ ಪರವಾಗಿಲ್ಲ, ತಾರೀಖು ತಪ್ಪಬಾರದು. ಹಾಳೆ ತಯಾರಾದ ಮೇಲೆ ಫೋನ್ ಮಾಡಲು ಶುರು ಮಾಡಿ. ಹೆಚ್ಚು ಹಣ ಕೊಟ್ಟವರಿಗಿಂತ ಮೊದಲು, ಕೊಟ್ಟು ಹೆಚ್ಚು ದಿನವಾದವರಿಗೆ ಮಾಡಿ.