ಲಿಸ್ಬನ್ನಿಗೆ ಬಿಡುಗಡೆ ಬಂದದ್ದು ಎಲ್ಲಿಂದ?

ಪತ್ರ: ಸ್ವಿಸ್ ನಿರ್ದೇಶಕ ಲಿಯೊನೆಲ್ ಬೈಯೆರ್ ಅವರ ‘ಲಾಂಗ್‌ವೇವ್’ (2013) ಬಗ್ಗೆ ಬರೆಯುತ್ತ ನಿಮ್ಮ ಪತ್ರಿಕೆ ‘ಆಫ್ರಿಕನ್ನರೆಲ್ಲಿ?’ ಎಂದು ಕೇಳಿತ್ತು. ಅದೊಂದು ಹಾಸ್ಯಚಿತ್ರ. ನಾಯಕಿ ಗಟ್ಟಿಗಿತ್ತಿ, ಪೋರ್ಚುಗೀಸ್ ಹುಡುಗನಿಗೂ ಜಾಗವಿದೆ. ಇನ್ನೆಷ್ಟು ವೈವಿಧ್ಯ ಬೇಕು? ಪ್ರತಿ ಸಿನಿಮಾದಲ್ಲೂ ತಲೆ ಎಣಿಸುತ್ತ ಕೂರಬೇಕೆ?
— ಓದುಗರೊಬ್ಬರು, ಧಾರವಾಡ

ಉತ್ತರ: ತಲೆ ಎಣಿಸಿ ಒಳ್ಳೆಯ ಸಿನಿಮಾ ಮಾಡಲಾಗದು, ನಿಜ. ಹಾಸ್ಯಕ್ಕೆ ಹಗುರವಾಗಿರುವ ಹಕ್ಕೂ ಇದೆ. ಆದರೆ ನಿಮ್ಮಂಥ ಸೂಕ್ಷ್ಮ ಪ್ರೇಕ್ಷಕರು ಇಷ್ಟಕ್ಕೇ ನಿಂತದ್ದು ಬೇಸರ ತಂದಿತು.

ಚಿತ್ರದ ಸ್ವಿಸ್ ರೇಡಿಯೊ ತಂಡದ ವ್ಯಾನಿನ ಒಳಗೊಮ್ಮೆ ನೋಡಿ. 1974ರ ಏಪ್ರಿಲ್. ವರದಿಗಾರ್ತಿ ಜೂಲಿ, ಹಿರಿಯ ವರದಿಗಾರ ಕೋವ್ಯಾಂ, ಧ್ವನಿ ತಂತ್ರಜ್ಞ ಬಾಬ್, ಆಮೇಲೆ ಜೊತೆಯಾಗುವ ದುಭಾಷಿ ಪೆಲೆ. ಪೋರ್ಚುಗಲ್‌ನಲ್ಲಿ ಸ್ವಿಸ್ ನೆರವಿನ ಕಾಮಗಾರಿಗಳ ವರದಿಗೆ ಹೋದವರು ಅಲ್ಲಿನ ಸರ್ವಾಧಿಕಾರವನ್ನು ಉರುಳಿಸಿದ, ಸೈನಿಕರ ಬಂದೂಕಿಗೆ ಜನ ಹೂ ಸಿಕ್ಕಿಸಿದ ಕಾರ್ನೇಶನ್ ಕ್ರಾಂತಿಯ ನಡುವೆ ಸಿಕ್ಕಿಕೊಳ್ಳುತ್ತಾರೆ. ಪಯಣದ ಸಿನಿಮಾದಲ್ಲಿ ಸೀಟು ಸಿಕ್ಕವರು ಬದಲಾಗುತ್ತಾರೆ, ಉಳಿದವರು ಕಿಟಕಿಯಾಚೆ ಹಾದುಹೋಗುತ್ತಾರೆ. ಹಾಗಾಗಿ ಗುಂಪಿನ ದೃಶ್ಯಕ್ಕೆ ನಾಲ್ಕು ಕಪ್ಪು ಮುಖಗಳನ್ನು ಸೇರಿಸಿದರೆ ಏನೂ ಸರಿಹೋಗುವುದಿಲ್ಲ. ಮೈಕು ಯಾರ ಕೈಯಲ್ಲಿದೆ, ಯಾರ ಮಾತು ದುಭಾಷಿಯ ಮೂಲಕವೇ ದಾಟಬೇಕು, ಯಾರಿಗೆ ಹೆಸರಿದೆ, ಯಾರು ಮನೆಗೆ ಹೊರಟರೆ ಕ್ಯಾಮೆರಾ ಹಿಂದೆ ಹೋಗುತ್ತದೆ: ಪ್ರಾತಿನಿಧ್ಯ ತಿಳಿಯಬೇಕಾದರೆ ಇವನ್ನು ನೋಡಬೇಕು. ಈ ವ್ಯಾನಿನಲ್ಲಿ ಮೂವರು ಸ್ವಿಸ್, ಒಬ್ಬ ಪೋರ್ಚುಗೀಸ್. ಅವನ ಕೆಲಸ ಆ ಮೂವರಿಗೆ ತನ್ನ ದೇಶವನ್ನು ಅರ್ಥಮಾಡಿಸುವುದು.

ಆಫ್ರಿಕನ್ನರು ಈ ಕತೆಗೆ ಹೊರಗಿನಿಂದ ಬರುವ ಅತಿಥಿಗಳಲ್ಲ. ಅಂಗೋಲಾದಲ್ಲಿ 1961ರಿಂದ, ಗಿನಿ-ಬಿಸಾವಿನಲ್ಲಿ 1963ರಿಂದ, ಮೊಜಾಂಬಿಕ್‌ನಲ್ಲಿ 1964ರಿಂದ ಪೋರ್ಚುಗಲ್ ತನ್ನ ಈ ವಸಾಹತುಗಳನ್ನು ಉಳಿಸಿಕೊಳ್ಳಲು ಗೆಲ್ಲಲಾಗದ ಯುದ್ಧ ನಡೆಸುತ್ತಿತ್ತು. ಆ ಯುದ್ಧಗಳಲ್ಲಿ ಬಳಲಿದ ಕ್ಯಾಪ್ಟನ್‌ಗಳೇ ಏಪ್ರಿಲ್ 25ರಂದು ಲಿಸ್ಬನ್ನಿಗೆ ಟ್ಯಾಂಕು ತಂದರು. ಅವರಿಗೆ ಮೊದಲ ಸಂಕೇತ ಹಿಂದಿನ ರಾತ್ರಿ 10.55ಕ್ಕೆ, ಎರಡನೆಯದು 12.20ಕ್ಕೆ, ರೇಡಿಯೊದಲ್ಲಿ ಹಾಡಾಗಿ ಬಂತು. ಅಷ್ಟರಲ್ಲಿ ಗಿನಿ-ಬಿಸಾವ್ ತನ್ನ ಸ್ವಾತಂತ್ರ್ಯ ಸಾರಿ ಏಳು ತಿಂಗಳಾಗಿತ್ತು. ಅದರ ಸ್ವಾತಂತ್ರ್ಯ ಹೋರಾಟದ ನಾಯಕ ಅಮಿಲ್ಕಾರ್ ಕಬ್ರಾಲ್ 1973ರ ಜನವರಿಯಲ್ಲೇ ಕೊಲೆಯಾಗಿದ್ದರು. ಬಿಡುಗಡೆಯ ಬೆಲೆ ತೆತ್ತವರನ್ನು ಬಿಟ್ಟು ಹೂವಿನ ಮೆರವಣಿಗೆಯನ್ನಷ್ಟೇ ನೋಡಿ ಸಂಭ್ರಮಿಸುವುದು ನನ್ನಿಂದಾಗದು.

ಸಾರಾ ಮಾಲ್ಡೊರೊರ್ ಅವರ ‘ಸಾಂಬಿಜಾಂಗಾ’ (1972) ನೋಡಿ. ಕ್ರಾಂತಿಗೆ ಎರಡು ವರ್ಷ ಮೊದಲಿನದು, ಅದೂ ಪಯಣದ ಚಿತ್ರವೇ. ಪೊಲೀಸರು ಹೊತ್ತೊಯ್ದ ಗಂಡ ದೊಮಿಂಗೋಸ್‌ನನ್ನು ಹುಡುಕುತ್ತ ಮರಿಯಾ ಬೆನ್ನಿಗೆ ಮಗು ಕಟ್ಟಿಕೊಂಡು ಅಂಗೋಲಾದ ರಾಜಧಾನಿ ಲುವಾಂಡಾದ ಹಾದಿ ಹಿಡಿಯುತ್ತಾಳೆ. ಕ್ಯಾಮೆರಾ ಅವಳ ನಡಿಗೆಯ ವೇಗಕ್ಕೆ ಇಳಿಯುತ್ತದೆ. ಜೈಲಿನಲ್ಲಿ ಚಿತ್ರಹಿಂಸೆಗೆ ಅವಳ ಗಂಡ ಸಾಯುತ್ತಾನೆ. ಅಲ್ಲಿ ಯಾರೂ ಕಿಟಕಿಯಾಚೆಯ ನೋಟವಲ್ಲ.

ಇದು ಧಾರವಾಡಕ್ಕೂ ದೂರದ ವಿಷಯವಲ್ಲ. ಇದೇ ಸರ್ವಾಧಿಕಾರದ ಕೈಯಿಂದ ಗೋವೆಯನ್ನು ಬಿಡಿಸಲು 1961ರ ಡಿಸೆಂಬರಿನಲ್ಲಿ ನಮ್ಮ ಸೇನೆ ಬೀಡುಬಿಟ್ಟದ್ದು ಬೆಳಗಾವಿಯಲ್ಲಿ. ಗೋವಾ ಭಾರತದ್ದೆಂದು ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದು 1974ರ ಡಿಸೆಂಬರ್ 31ರಂದು, ಕ್ರಾಂತಿಯಾದ ಮೇಲೆ. ನೆರೆಯಲ್ಲೇ ಈ ಚರಿತ್ರೆ ಇದ್ದರೂ ನಮ್ಮ ಫಿಲಂ ಸೊಸೈಟಿಗಳಿಗೆ ವಿಶ್ವ ಸಿನಿಮಾ ಎಂದರೆ ಪ್ಯಾರಿಸ್, ರೋಮ್, ಹೆಚ್ಚೆಂದರೆ ಟೋಕಿಯೊ. ಆಫ್ರಿಕಾ ಬರುವುದು ವಿಶೇಷ ಸಪ್ತಾಹಕ್ಕೆ. ಮರುದಿನ ಅದರ ಮಾತಿಲ್ಲ.

ನಿಮ್ಮೂರಿನಲ್ಲಿ ಈ ಎರಡೂ ಸಿನಿಮಾಗಳನ್ನು ಒಟ್ಟಿಗೆ ತೋರಿಸಿ. ‘ಸಾಂಬಿಜಾಂಗಾ’ ಮೊದಲಿರಲಿ, ಆಮೇಲೆ ಹಾಕಿದರೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಉಳಿದವರಿಗೆ ಅದು ಅನುಬಂಧದಂತೆ ಕಾಣುತ್ತದೆ. ಕನ್ನಡ ಸಬ್‌ಟೈಟಲ್ ಮಾಡಿಸುವುದಾದರೆ ಒಮ್ಮೆಗೆ ಎರಡು ಸಾಲು ಮೀರದಿರಲಿ. ಪೋರ್ಚುಗೀಸ್ ಮಾತಿಗೂ ಆಫ್ರಿಕನ್ ಭಾಷೆಗಳ ಮಾತಿಗೂ ಬೇರೆ ಬೇರೆ ಬಣ್ಣ ಕೊಡಿ. ಇಲ್ಲದಿದ್ದರೆ ಅಧಿಕಾರಿಯ ಮುಂದೆ ಮರಿಯಾ ಯಾವ ಭಾಷೆಯಲ್ಲಿ ಮಾತಾಡಿದಳೆಂಬುದೇ ನೋಡುವವರಿಗೆ ತಿಳಿಯದು. ನೋಡಿದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಎಷ್ಟೇ ಉದ್ದವಿದ್ದರೂ ಪ್ರಕಟಿಸುತ್ತೇವೆ.
— ಸಂ.