ಹೊಸ ಫೇಸ್‌ವಾಶ್‌ಗೆ ಮೊದಲ ಪರೀಕ್ಷೆ ಮೊಣಕೈ ಒಳಭಾಗದ ಮೇಲೆ

ಪ್ರಶ್ನೆ: ಹಿಂದೊಮ್ಮೆ ಫೇಸ್‌ವಾಶ್‌ನಿಂದ ಮುಖವೆಲ್ಲ ತುರಿಸಿ ಕೆಂಪಾಗಿತ್ತು. ಈಗ ಹೊಸದನ್ನು ತಂದು, ಒಂದು ಹನಿ ಕೈಗೆ ಹಚ್ಚಿ, ಮೇಲೆ ಬ್ಯಾಂಡೇಜ್ ಅಂಟಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅಲ್ಲಿ ಕೆಂಪು, ಉರಿ. ಇದು ಅಲರ್ಜಿಯೇ?
— ಓದುಗರು, ದಾವಣಗೆರೆ

ಉತ್ತರ: ಇಷ್ಟರಿಂದಲೇ ಅಲರ್ಜಿ ಎನ್ನಲು ಬರುವುದಿಲ್ಲ. ಫೇಸ್‌ವಾಶ್‌ನಲ್ಲಿ ನೊರೆ ತರಿಸುವ ಪದಾರ್ಥಗಳು ಒಂದೆರಡು ನಿಮಿಷದಲ್ಲಿ ತೊಳೆದುಹೋಗಬೇಕಾದವು. ಅವನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಅಲರ್ಜಿಯೇ ಇಲ್ಲದವರ ಚರ್ಮವೂ ಕೆಂಪಾಗಬಹುದು. ತೊಳೆಯುವ ವಸ್ತುವನ್ನು ತೊಳೆದೇ ಪರೀಕ್ಷಿಸಬೇಕು.

ಈಗಿನ ಕೆಂಪು ಪೂರ್ತಿ ಮಾಯಲಿ. ಆಮೇಲೆ ಇನ್ನೊಂದು ಕೈಯ ಮೊಣಕೈ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಗುರುತು ಮಾಡಿಕೊಳ್ಳಿ. ಒದ್ದೆ ಮಾಡಿ, ಮುಖಕ್ಕೆ ಬಳಸುವಷ್ಟೇ ದಪ್ಪಕ್ಕೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ. ಡಬ್ಬಿಯ ಮೇಲೆ ಬೇರೆ ಸಮಯ ಹೇಳಿದ್ದರೆ ಅಷ್ಟೇ ಹೊತ್ತು ಬಿಡಿ. ಹೀಗೆ ದಿನಕ್ಕೆ ಎರಡು ಸಲ, 7ರಿಂದ 10 ದಿನ. ಹೆಚ್ಚಿನವರು ಒಂದೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ, ಪರೀಕ್ಷೆ ಕೆಡುವುದು ಅಲ್ಲೇ. ಚರ್ಮಕ್ಕೆ ತಗುಲಿದ ವಸ್ತುವಿನಿಂದ ಬರುವ ಅಲರ್ಜಿ (ಸಂಪರ್ಕದ ಅಲರ್ಜಿ) ತಲೆಯೆತ್ತಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು.

ಹಚ್ಚಿದ ಕೆಲವೇ ನಿಮಿಷಗಳಲ್ಲಿ ಉರಿದು, ಹಚ್ಚಿದಷ್ಟೇ ಜಾಗ ಕೆಂಪಾಗಿ, ಬಿಟ್ಟರೆ ಬೇಗ ಇಳಿದರೆ ಅದು ಬಹುಮಟ್ಟಿಗೆ ಅಲರ್ಜಿಯಲ್ಲ, ಬರೀ ಕಿರಿಕಿರಿ. ತಡವಾಗಿ ಶುರುವಾಗಿ, ತುರಿಕೆಯೇ ಮುಂದಾಗಿ, ಸಣ್ಣ ಗುಳ್ಳೆಗಳೆದ್ದು ಗುರುತಿನ ಆಚೆಗೂ ಹರಡಿದರೆ ಅಲರ್ಜಿಯ ಅನುಮಾನ ಹೆಚ್ಚು. ಎರಡರಲ್ಲಿ ಯಾವುದೇ ಆದರೂ ತೊಳೆದು ಅಲ್ಲಿಗೇ ನಿಲ್ಲಿಸಿ. ತುಟಿ, ಕಣ್ಣು ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕೈ ಸುಮ್ಮನಿದ್ದ ಮಾತ್ರಕ್ಕೆ ಮುಖ ಸುಮ್ಮನಿರುತ್ತದೆ ಎನ್ನಲಾಗದು. ಮುಖದ ಚರ್ಮ ಹೆಚ್ಚು ನಾಜೂಕು. ಆದ್ದರಿಂದ ಮುಂದಿನ ಎರಡು-ಮೂರು ದಿನ ದವಡೆಯ ಒಂದು ಬದಿಗೆ ಮಾತ್ರ ಬಳಸಿ ನೋಡಿ. ಆ ದಿನಗಳಲ್ಲಿ ಬೇರೆ ಹೊಸ ಕ್ರೀಮ್ ಬೇಡ, ಪರೀಕ್ಷೆಯ ಜಾಗಕ್ಕೆ ಸ್ಟೀರಾಯ್ಡ್ ಮುಲಾಮಂತೂ ಬೇಡವೇ ಬೇಡ: ಅದು ಅಲರ್ಜಿಯನ್ನು ಅಡಗಿಸಿಬಿಡುತ್ತದೆ. ಬೆಳ್ಳಗಾಗಲೆಂದು ಸ್ಟೀರಾಯ್ಡ್ ಬೆರೆತ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದ ಮುಖಕ್ಕೆ ಸೌಮ್ಯ ಫೇಸ್‌ವಾಶ್ ಕೂಡ ಉರಿಯುವುದುಂಟು. ಅಂಥವರು ಫೇಸ್‌ವಾಶ್ ಬದಲಿಸುತ್ತಾ ಹೋಗುವ ಬದಲು ಮೊದಲು ಚರ್ಮವೈದ್ಯರನ್ನು ಕಾಣಬೇಕು.

ಹಳೆಯ ಫೇಸ್‌ವಾಶ್‌ನ ಡಬ್ಬಿ ಇದ್ದರೆ ಎಸೆಯಬೇಡಿ. ಅದರ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಮೀಥೈಲ್‌ಐಸೊಥಯಜೊಲಿನೋನ್, ಡಿಎಂಡಿಎಂ ಹೈಡಾಂಟೊಯಿನ್, ಕೋಕಮೈಡೊಪ್ರೊಪೈಲ್ ಬೀಟೈನ್, ಪರ್ಫ್ಯೂಮ್ ಇವೆಯೇ ನೋಡಿ. ಅಲರ್ಜಿಗೆ ಹೆಸರಾದವು ಇವು. ಯಾವುದೆಂದು ಖಚಿತವಾಗಿ ತಿಳಿಯಲು ಚರ್ಮವೈದ್ಯರ ಪ್ಯಾಚ್ ಟೆಸ್ಟ್ ಬೇಕು. ಅನುಮಾನದ ಪದಾರ್ಥಗಳಿರುವ ಅಂಟುಪಟ್ಟಿಯನ್ನು ಬೆನ್ನಿಗೆ ಅಂಟಿಸಿ, 48 ಗಂಟೆಗೆ ತೆಗೆದು ಚರ್ಮ ನೋಡುತ್ತಾರೆ. 72 ಅಥವಾ 96 ಗಂಟೆಗೆ ಮತ್ತೊಮ್ಮೆ. ಅಲ್ಲಿಯವರೆಗೆ ಬೆನ್ನಿಗೆ ನೀರು ಸೋಕಬಾರದು, ಬೆವರಬಾರದು. ಸೆಕೆಗಾಲದಲ್ಲಿ ಇದು ಕಷ್ಟ. ಸಾಧ್ಯವಾದರೆ ಚಳಿಗಾಲದಲ್ಲಿ ಮಾಡಿಸಿ.

ಪ್ರಶ್ನೆ: ನೆಗಡಿಗೆ ಸೆಟಿರಿಜಿನ್ ತೆಗೆದುಕೊಳ್ಳುತ್ತಿದ್ದೇನೆ. ಪ್ಯಾಚ್ ಟೆಸ್ಟ್‌ಗೆ ಮುಂಚೆ ನಿಲ್ಲಿಸಬೇಕೇ?
— ಓದುಗರು, ಹಾಸನ

ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ಸೂಜಿ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆಯನ್ನು ಈ ಮಾತ್ರೆ ಕೆಡಿಸುತ್ತದೆ, ಪ್ಯಾಚ್ ಟೆಸ್ಟನ್ನು ಅಷ್ಟಾಗಿ ಅಲ್ಲ. ಆದರೆ ಸ್ಟೀರಾಯ್ಡ್ ಮಾತ್ರೆ ಫಲಿತಾಂಶವನ್ನು ಅಡಗಿಸಬಲ್ಲದು. ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಎಷ್ಟು ಮಿಲಿಗ್ರಾಂ, ಎಷ್ಟು ದಿನದಿಂದ ಎಂದು ವೈದ್ಯರಿಗೆ ಮೊದಲೇ ತಿಳಿಸಿ.