‘ಬಾಯಿ ತೆರೆ’ ಎಂದವರೇ ಬಾಯಿ ಮುಚ್ಚಿಕೊಂಡರೆ

ಹಾಸನ ಜಿಲ್ಲೆಯ ದಂತವೈದ್ಯರೊಬ್ಬರು ಬರೆದ ಪತ್ರದ ಸಾರ: ‘ಆರು ವರ್ಷದ ಹುಡುಗನನ್ನು ಕರೆತಂದಿದ್ದರು. ಮುಂದಿನ ಹಲ್ಲು ಮುರಿದಿತ್ತು, ಮೇಲ್ತುಟಿಯ ಒಳಗೆ ಹರಿದಿತ್ತು, ಕಿವಿಯ ಮೇಲೆ ನೀಲಿ ಕಲೆ. ಮೆಟ್ಟಿಲಿನಿಂದ ಬಿದ್ದ ಎಂದರು ತಂದೆ. ಹುಡುಗ ತಂದೆಯ ಮುಖವನ್ನೇ ನೋಡುತ್ತಿದ್ದ. ಚಿಕಿತ್ಸೆ ಕೊಟ್ಟು, ಮುಂದಿನ ವಾರ ಬರಹೇಳಿ ಕಳಿಸಿದೆ. ನಾನು ಹಲ್ಲಿನ ಡಾಕ್ಟರು, ಪೊಲೀಸನಲ್ಲ. ನನ್ನದು ತಪ್ಪೇ?’

ಡಾಕ್ಟರೇ, ತಪ್ಪೆಂದು ನಿಮಗೇ ಅನ್ನಿಸದಿದ್ದರೆ ಈ ಪತ್ರ ಬರುತ್ತಿರಲಿಲ್ಲ.

ನಿಮ್ಮ ಕಡೆಯ ನ್ಯಾಯ ಮೊದಲು ಹೇಳಿಬಿಡುತ್ತೇನೆ. ಸಣ್ಣ ಊರು, ಎಲ್ಲರೂ ಪರಿಚಿತರು. ಅನುಮಾನ ಹುಸಿಯಾದರೆ ಒಂದು ಮನೆಯ ಮಾನ ಹೋಗುತ್ತದೆ. ನಡೆಯಲು ಕಲಿಯುವ ಕೂಸು ಬಿದ್ದರೂ ಮೇಲ್ತುಟಿಯನ್ನು ಒಸಡಿಗೆ ಅಂಟಿಸುವ ಪೊರೆ ಹರಿಯುವುದುಂಟು. ಒಪ್ಪಿದೆ.

ಆದರೆ ಈ ಹುಡುಗನಿಗೆ ಆರು ವರ್ಷ, ಮತ್ತು ಕಿವಿಯ ಕಲೆಯನ್ನು ಕಂಡವರು ನೀವೇ. ಬಿದ್ದ ಮಗುವಿಗೆ ಸಾಮಾನ್ಯವಾಗಿ ಪೆಟ್ಟಾಗುವುದು ಹಣೆ, ಗದ್ದ, ಮೊಣಕಾಲುಗಳಿಗೆ. ಕಿವಿ ನೆಲಕ್ಕೆ ಸುಲಭವಾಗಿ ಸಿಗುವುದಿಲ್ಲ, ಕೈಗೆ ಸಿಗುತ್ತದೆ. ಹಿಂಸೆಗೊಳಗಾದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ತಲೆ, ಮುಖ, ಕುತ್ತಿಗೆಯ ಭಾಗದಲ್ಲೇ ಗಾಯವಿರುತ್ತದೆ ಎಂದು ನಿಮ್ಮ ಶಾಸ್ತ್ರವೇ ಹೇಳುತ್ತದೆ. ಅಂದರೆ ನಿಮ್ಮ ಕುರ್ಚಿಯ ದೀಪ ಬೀಳುವ ಜಾಗದಲ್ಲಿ! 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಇಂಥ ಮಕ್ಕಳ ಬಗ್ಗೆ ಬರೆದಾಗಲೂ ತೊಡಕು ಇದೇ ಆಗಿತ್ತು: ಹೆತ್ತವರು ಹೀಗೆ ಮಾಡಿಯಾರು ಎಂದು ನಂಬಲು ವೈದ್ಯರಿಗೆ ಮನಸ್ಸಾಗುತ್ತಿರಲಿಲ್ಲ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಕೆನ್ನೆ ಊದಿಸಿಕೊಂಡು ಬರುತ್ತಿದ್ದ. ‘ಹಲ್ಲುನೋವೇನೋ?’ ಎಂದರು ಮೇಷ್ಟ್ರು. ಅವನು ಹೂಂ ಎಂದ. ‘ಲವಂಗ ಇಟ್ಟುಕೋ’ ಎಂದರು. ಅವನ ಅಪ್ಪನ ಕೈ ಎಂಥದೆಂದು ಇಡೀ ಬೀದಿಗೆ ಗೊತ್ತಿತ್ತು, ಮೇಷ್ಟ್ರಿಗೂ. ನಾವೆಂಥ ಜನ ನೋಡಿ. ಪಕ್ಕದ ಮನೆಯ ಹುಡುಗಿಗೆ ಯಾವ ಸಂಬಂಧ ಬಂತು, ಎದುರು ಮನೆಯವರು ಸೈಟು ಎಷ್ಟಕ್ಕೆ ಕೊಂಡರು, ಎಲ್ಲವೂ ನಮಗೆ ಬೇಕು. ಮಗುವಿನ ಅಳು ಕೇಳಿದಾಗ ಮಾತ್ರ ‘ಅದು ಅವರ ಮನೆ ವಿಷಯ’. 2007ರಲ್ಲಿ ಕೇಂದ್ರ ಸರ್ಕಾರದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತು. ಮೂವರಲ್ಲಿ ಇಬ್ಬರು ಏಟು ತಿಂದವರು. ‘ದಂಡಂ ದಶಗುಣಂ’ ಎಂದು ಈಗಲೂ ನಗುನಗುತ್ತಾ ಹೇಳುತ್ತೇವೆ.

ನಿಮ್ಮನ್ನು ಯಾರೂ ಪೊಲೀಸನಾಗಲು ಕರೆದಿಲ್ಲ. ತನಿಖೆ ನಿಮ್ಮದಲ್ಲ, ಅನುಮಾನವನ್ನು ತಿಳಿಸುವುದಷ್ಟೇ ನಿಮ್ಮದು. ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದಿದ್ದರಂತೂ 2012ರ ಪೋಕ್ಸೊ ಕಾಯ್ದೆಯಲ್ಲಿ ಸುಮ್ಮನಿರುವುದೇ ಅಪರಾಧ, ಆರು ತಿಂಗಳವರೆಗೆ ಜೈಲು. ಸದುದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆ ರಕ್ಷಣೆಯನ್ನೂ ಕೊಡುತ್ತದೆ.

ಹುಡುಗ ಮುಂದಿನ ವಾರ ಬಂದರೆ ತಂದೆಯನ್ನು ಹೊರಗೆ ಕೂರಿಸಿ, ಹೇಗೆ ಬಿದ್ದೆ ಎಂದು ಅವನನ್ನೇ ಕೇಳಿ. ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದಿಡಿ, ಗಾಯದ ಅಳತೆ ಬರೆದಿಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಬಾರದೇ ಹೋದರೆ? ವಿಳಾಸ ನಿಮ್ಮ ರಿಜಿಸ್ಟರಿನಲ್ಲೇ ಇದೆಯಲ್ಲ, ಡಾಕ್ಟರೇ.